ಮನೆಯಲ್ಲಿ ಸುಮ್ಮನೆ ಕೂತವರು

ವೆಂಕಟಸುಬ್ಬಯ್ಯ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ನಿರ್ದೇಶಕರಾಗಿ ನಿವೃತ್ತರಾದ ದಿನ ಅವರಿಗೆ ಒಂದು ಶಾಲು, ಬೆಳ್ಳಿ ಬಣ್ಣ ಬಳಿದ ಒಂದು ಅಶೋಕಸ್ತಂಭ ಮತ್ತು ಕಾಗದದ ತಟ್ಟೆಯಲ್ಲಿ ಆರಿದ ಸಮೋಸ ಸಿಕ್ಕಿದವು. ಮರುದಿನದಿಂದ ಅವರ ಮಾತು ಕೇಳಲು ಹೆಂಡತಿಯೊಬ್ಬಳೇ ಉಳಿದಳು. ಆ ಹೆಂಡತಿ ಲೀಲಾವತಿ, ಅದೇ ವರ್ಷ ತಾನು ಕಾಲೇಜಿಗೆ ಸೇರುತ್ತೇನೆ ಎಂದಾಗ ಅವರು ಅದನ್ನು ತಮ್ಮ ವಿರುದ್ಧ ನಡೆದ ಪಿತೂರಿಯೆಂದೇ ತಿಳಿದರು.

ಆಗಷ್ಟೇ ದಿಲ್ಲಿಯ ಕಿದ್ವಾಯಿ ನಗರದ ಸರ್ಕಾರಿ ಮನೆ ಖಾಲಿ ಮಾಡಿ ನೋಯ್ಡಾದ ಹದಿನಾಲ್ಕನೇ ಅಂತಸ್ತಿಗೆ ಬಂದಿದ್ದರು. ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಅವುಗಳ ನಡುವೆ ಕುರ್ಚಿ ಹಾಕಿಕೊಂಡು ಕೂತು ವೆಂಕಟಸುಬ್ಬಯ್ಯ ಕೇಳಿದರು.

"ಈ ವಯಸ್ಸಿನಲ್ಲಿ ಏನೇ ನಿನಗೆ ಕಾಲೇಜು? ಅದೂ ಪಬ್ಲಿಕ್ ಅಡ್ಮಿನಿಸ್ಟ್ರೇಷನ್! ಏನು ಬೇಕೋ ನನ್ನನ್ನ ಕೇಳು. ಜೀವಮಾನವೆಲ್ಲ ಅದನ್ನೇ ಮಾಡಿದ್ದೀನಿ."

"ನಿಮ್ಮನ್ನ ಕೇಳಿಕೊಂಡೇ ಇಷ್ಟು ವರ್ಷ ಆಯ್ತಲ್ಲ ರೀ. ಇನ್ನು ಮುಂದೆ ಬೇರೆಯವರನ್ನ ಕೇಳೋಣ ಅಂತ."

ಗುರುಗ್ರಾಮದಲ್ಲಿ ಕೆಲಸದಲ್ಲಿದ್ದ ಮಗಳು ಧನ್ಯಾ ಫೋನಿನಲ್ಲಿ ಕಿರುಚಿದಳು. "ಅಮ್ಮಾ, ಸೋ ಕ್ಯೂಟ್ ಯಾರ್! ಬ್ಯಾಗ್ ನಾನು ಗಿಫ್ಟ್ ಮಾಡ್ತೀನಿ, ಓಕೆ?" ನಾಯಿಮರಿ ಕೈಕುಲುಕಿದರೂ ಧನ್ಯಾ ಹೀಗೇ ಕಿರುಚುತ್ತಿದ್ದಳು. ಗಂಡನ ಮಾತಿಗಿಂತ ಮಗಳ ಮಾತೇ ಲೀಲಾವತಿಗೆ ಹೆಚ್ಚು ಚುಚ್ಚಿತು. ಗಂಡ ಕಡೇಪಕ್ಷ ಸಿಟ್ಟಾಗಿದ್ದರು.

ಮದುವೆಯಾದಾಗ ಲೀಲಾವತಿ ಮೈಸೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮೊದಲ ವರ್ಷ ಮುಗಿಸಿದ್ದಳು. "ದಿಲ್ಲಿಯಲ್ಲಿ ಕಾಲೇಜಿಗೇನು ಬರವೇ? ಅಲ್ಲೇ ಮುಗಿಸಿದರಾಯಿತು" ಎಂದು ಗಂಡಿನ ಕಡೆಯವರು ಹೇಳಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ದಿಲ್ಲಿಯಲ್ಲಿ ಕಾಲೇಜುಗಳಿದ್ದವು. ಅವುಗಳ ಮುಂದಿನಿಂದಲೇ ಬಸ್ಸಿನಲ್ಲಿ ಅವಳು ತರಕಾರಿಗೆ, ಮಗಳ ಸ್ಕೂಲಿಗೆ, ಅತ್ತೆಯ ಕಣ್ಣಿನ ಆಸ್ಪತ್ರೆಗೆ ಹೋಗಿಬರುತ್ತಿದ್ದಳು.

ದಿಲ್ಲಿಯ ಮುನಿರ್ಕಾದ ಪಕ್ಕದ ದೊಡ್ಡ ವಿಶ್ವವಿದ್ಯಾಲಯಕ್ಕೆ ಸೇರಬೇಕೆಂಬುದು ಅವಳ ಆಸೆ. ಪ್ರವೇಶ ಪರೀಕ್ಷೆಯಲ್ಲಿ ಕಂಪ್ಯೂಟರಿನ ಮುಂದೆ ಅರ್ಧ ಹೊತ್ತು ಮೌಸ್ ಹಿಡಿಯುವುದರಲ್ಲೇ ಕಳೆದುಹೋಯಿತು. ಸೀಟು ಸಿಗಲಿಲ್ಲ. ಆ ಸಂಜೆ ವೆಂಕಟಸುಬ್ಬಯ್ಯ ಜಿಲೇಬಿ ತಂದರು. ಬೇರೆ ಯಾವುದೋ ಕಾರಣ ಹೇಳಿದರು. ಆದರೆ ಮದುವೆಯಾದಾಗಿನಿಂದ ಅವರು ಕಾರಣವಿಲ್ಲದೆ ಒಂದು ಬಾಳೆಹಣ್ಣನ್ನೂ ತಂದವರಲ್ಲ.

ಕೊನೆಗೆ ಲೀಲಾವತಿ ಗ್ರೇಟರ್ ನೋಯ್ಡಾದ ಎಕ್ಸ್‌ಪ್ರೆಸ್‌ವೇ ಬದಿಯ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಸೇರಿದಳು.

"ಅಲ್ಲಿ ದೀಪದ ಕಂಬಕ್ಕೂ ಸೀಟು ಕೊಡ್ತಾರೆ" ಎಂದರು ವೆಂಕಟಸುಬ್ಬಯ್ಯ.

ಮೊದಲ ದಿನ ಅವಳು ತರಗತಿಯೊಳಗೆ ಕಾಲಿಟ್ಟಾಗ ಹುಡುಗರೆಲ್ಲ ಎದ್ದು ನಿಂತು "ಗುಡ್ ಮಾರ್ನಿಂಗ್ ಮ್ಯಾಮ್" ಎಂದರು. ಅವಳು ಹೋಗಿ ಮೊದಲ ಸಾಲಿನ ಬೆಂಚಿನಲ್ಲಿ ಕೂತಾಗ, ಎದ್ದು ನಿಂತದ್ದು ದಂಡವಾಯಿತಲ್ಲ ಎಂಬ ಮುಖ ಮಾಡಿ ಕೂತರು. ಆಮೇಲೆ ಬಂದ ನಿಜವಾದ ಮೇಷ್ಟ್ರಿಗೆ ಯಾರೂ ಏಳಲಿಲ್ಲ. ಆತ ಗೋಡೆಯ ಮೇಲೆ ಮೂಡಿದ ಸ್ಲೈಡುಗಳನ್ನು ಒಂದಕ್ಷರ ಬಿಡದೆ ಓದಿ, ಕೊನೆಯ ಸ್ಲೈಡಿನಲ್ಲಿದ್ದ 'ಥ್ಯಾಂಕ್ ಯೂ' ಎಂಬುದನ್ನೂ ಓದಿ ಹೊರಟುಹೋದ.

ಕಟ್ಟಡವೆಲ್ಲ ಗಾಜು. ಲೈಬ್ರರಿಯಲ್ಲಿ ಪುಸ್ತಕಕ್ಕಿಂತ ಸೋಫಾಗಳೇ ಹೆಚ್ಚು. ಹುಡುಗರು ಪ್ರಬಂಧಗಳನ್ನು ಫೋನಿನ ಎಐ ಕೈಯಲ್ಲಿ ಬರೆಸುತ್ತಿದ್ದರು, ಮೇಷ್ಟ್ರುಗಳು ಅವಕ್ಕೆ ಅಂಕವನ್ನೂ ಅದರ ಕೈಯಲ್ಲೇ ಹಾಕಿಸುತ್ತಿದ್ದರು. ವಿಭಾಗದ ಮುಖ್ಯಸ್ಥ ಡಾ. ತನೇಜಾ ಎರಡು ಕೈಯಲ್ಲಿ ಎರಡು ಫೋನ್ ಹಿಡಿದು ಓಡಾಡುತ್ತ, ಯಾರೇ ಏನು ಕೇಳಿದರೂ "ಎಕ್ಸ್‌ಪೋಷರ್ ಸಿಗುತ್ತೆ" ಎನ್ನುತ್ತಿದ್ದರು. ಟಾಯ್ಲೆಟ್ಟಿನಲ್ಲಿ ನೀರಿಲ್ಲ ಎಂದು ಲೀಲಾವತಿ ದೂರು ಕೊಟ್ಟಾಗಲೂ ಅದನ್ನೇ ಹೇಳಿದರು.

ತಿಂಗಳೊಪ್ಪತ್ತಿನಲ್ಲಿ ಲೀಲಾವತಿಗೆ ಎಲ್ಲರ ಮೇಲೂ ತಿರಸ್ಕಾರ ಹುಟ್ಟಿತು. ಅಷ್ಟೇ ಆಗಿದ್ದರೆ ಅವಳು ಬಿಟ್ಟುಬಿಡುತ್ತಿದ್ದಳು. ಆದರೆ ಆ ತಿರಸ್ಕಾರ ಅವಳಿಗೆ ಹಿಡಿಸಿತು. ಮನೆಯಲ್ಲಿ ಅದನ್ನು ನುಂಗಿಕೊಂಡೇ ಇರಬೇಕಿತ್ತು, ಇಲ್ಲಿ ಹೊರಗೆ ಹಾಕಬಹುದಾಗಿತ್ತು. ಹುಡುಗರು ಕೊಟ್ಟ ತಪ್ಪು ಉತ್ತರಗಳಿಗೆ ಅವಳು ಹುಬ್ಬೇರಿಸುತ್ತಿದ್ದಳು. ಮೇಷ್ಟ್ರುಗಳ ಸ್ಲೈಡಿನಲ್ಲಿದ್ದ ತಪ್ಪುಗಳನ್ನು ಎಲ್ಲರೆದುರು ಎತ್ತಿ ತೋರಿಸುತ್ತಿದ್ದಳು. ಜೊತೆಗೆ ಓದುವವರು ಅವಳನ್ನು ದೂರದಿಂದ 'ಆಂಟಿ' ಎಂದು ಕರೆದರು, ಹತ್ತಿರ ಬರಲಿಲ್ಲ.

ಹತ್ತಿರ ಬಂದವಳು ಅದಿತಿ ಒಬ್ಬಳೇ. ತಂದೆ ವಾಯುಸೇನೆಯಲ್ಲಿ, ಊರು ಹಾಸನ, ಹುಟ್ಟಿ ಬೆಳೆದದ್ದೆಲ್ಲ ದಿಲ್ಲಿ. "ಆಂಟಿ, ನಂಗೆ ಕನ್ನಡ ಪೂರಾ ಸಮಝ್ ಆಗತ್ತೆ. ಬೋಲ್ನಾ ಸ್ವಲ್ಪ ಕಷ್ಟ" ಎಂದು ಪರಿಚಯ ಮಾಡಿಕೊಂಡಳು. ಎಲ್ಲರನ್ನೂ ಅಣಕಿಸುವ ಕಲೆ ಅವಳಿಗಿತ್ತು. ಕ್ಯಾಂಟೀನಿನಲ್ಲಿ ಅವಳು ತನೇಜಾರಂತೆ ಎರಡು ಚಮಚಗಳನ್ನು ಎರಡು ಕಿವಿಗೆ ಹಿಡಿದುಕೊಂಡು ನಡೆದಾಗ ಲೀಲಾವತಿಗೆ ಚಹಾ ನೆತ್ತಿಗೇರಿತು.

ಎರಡನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ತನೇಜಾ, ಲೀಲಾವತಿಯ ಗಂಡ ನಿವೃತ್ತ ನಿರ್ದೇಶಕರೆಂಬುದನ್ನು ಕಂಡುಕೊಂಡರು. ಅವಳಿಗೆ ಒಂದು ಮಾತೂ ಹೇಳದೆ ನೇರವಾಗಿ ವೆಂಕಟಸುಬ್ಬಯ್ಯನವರಿಗೆ ಫೋನ್ ಮಾಡಿದರು. ಒಂದು ಸಂಜೆ ಅವಳು ಮೆಟ್ರೋ ಇಳಿದು ಮನೆಗೆ ಬಂದಾಗ ಗಂಡ ಹಳೆಯ ಕೋಟುಗಳನ್ನು ಮಂಚದ ತುಂಬ ಹರಡಿಕೊಂಡು ನಿಂತಿದ್ದರು.

"ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅಂತ ಒಂದು ಹುದ್ದೆ. ಅನುಭವ ಇರೋರಿಗೆ ಮಾತ್ರ ಕೊಡ್ತಾರಂತೆ. ಬೇಡ ಅಂದೆ, ಬಿಡಲಿಲ್ಲ. ಸೋಮವಾರದಿಂದ ಕ್ಲಾಸು."

"ಎಲ್ಲಿ?"

ಅವರು ಕಾಲೇಜಿನ ಹೆಸರು ಹೇಳಿದರು.

"ದೀಪದ ಕಂಬಕ್ಕೂ ಸೀಟು ಕೊಡೋ ಜಾಗ ಅಂದಿದ್ರಿ."

"ಸೀಟು ಬೇರೆ, ಕುರ್ಚಿ ಬೇರೆ" ಎಂದರು ವೆಂಕಟಸುಬ್ಬಯ್ಯ, ಒಂದು ಕೋಟನ್ನು ಬೆಳಕಿಗೆ ಹಿಡಿದು ನೋಡುತ್ತ. "ಇನ್ನೊಂದು ಮಾತು. ನಾನು ನಿನ್ನ ಗಂಡ ಅಂತ ಅಲ್ಲಿ ಯಾರಿಗೂ ಹೇಳಬೇಡ. ಸರಿಹೋಗಲ್ಲ."

"ನನಗೂ ಸರಿಹೋಗಲ್ಲ" ಎಂದಳು ಲೀಲಾವತಿ. ತನೇಜಾರಿಗೆ ಹೇಗೂ ಗೊತ್ತಿತ್ತು. ಆದರೆ ಲಾಭವಿಲ್ಲದ ಮಾತಾಡುವ ಮನುಷ್ಯ ಅವರಲ್ಲ.

ಸೋಮವಾರ ವೆಂಕಟಸುಬ್ಬಯ್ಯ ತರಗತಿಗೆ ಬಂದು "ವೆನ್ ಐ ವಾಸ್ ಇನ್ ದ ಮಿನಿಸ್ಟ್ರಿ" ಎಂದು ಶುರುಮಾಡಿದರು. ಕಡತದ ಎಡಬದಿಗೆ ಏನು ಬರೆಯಬೇಕು, ಬಲಬದಿಗೆ ಏನು ಬರೆಯಬೇಕು, ಕಾರ್ಯದರ್ಶಿಗಳು ಒಮ್ಮೆ ಲಿಫ್ಟಿನಲ್ಲಿ ಸಿಕ್ಕಾಗ ಏನೆಂದರು, ತಾವು ಅದಕ್ಕೆ ಏನೆಂದರು. ಊಟದ ಮೇಜಿನಲ್ಲಿ ಲೀಲಾವತಿ ಇವನ್ನೆಲ್ಲ ಎಷ್ಟು ಸಲ ಕೇಳಿದ್ದಳೆಂದರೆ, ಮುಂದಿನ ವಾಕ್ಯ ಅವರ ಬಾಯಿಂದ ಬರುವ ಮೊದಲೇ ಅವಳ ತುಟಿ ಆಡುತ್ತಿತ್ತು. ಎಲ್ಲ ಕಥೆಗಳೂ ಒಂದೇ ಕಡೆ ಬಂದು ನಿಲ್ಲುತ್ತಿದ್ದವು. 'ಪುನಃಪ್ರವೇಶ ಬಾಲಿಕಾ ನಿವಾಸ'. ಶಾಲೆ ಬಿಟ್ಟ ಹಳ್ಳಿಯ ಹುಡುಗಿಯರು ಮತ್ತೆ ಓದಿಗೆ ಮರಳಲೆಂದು ಊರೂರಿಗೆ ಹಾಸ್ಟೆಲ್ ಕಟ್ಟಿಸುವ ಯೋಜನೆ. ಅದರ ಕರಡು ಬರೆದವರು ವೆಂಕಟಸುಬ್ಬಯ್ಯ. "ಒಂದು ಪೀಳಿಗೆಯ ಹೆಣ್ಣುಮಕ್ಕಳನ್ನ ನಾವು ವಾಪಸ್ ಕರೆತಂದೆವು" ಎಂದು ಅವರು ಹೇಳುವಾಗ ಧ್ವನಿ ನಡುಗುತ್ತಿತ್ತು. ಸ್ವಂತ ಮನೆಯಲ್ಲಿ ಓದಿಗೆ ಮರಳಿದ ಹೆಣ್ಣು ಮೊದಲ ಬೆಂಚಿನಲ್ಲಿ ಕೂತು ಆಕಳಿಸುತ್ತಿದ್ದಳು.

ಅದಿತಿ ಒಂದೇ ವಾರದಲ್ಲಿ ಅವರನ್ನು ಕರಗತ ಮಾಡಿಕೊಂಡಳು. ಕೋಟಿನ ಗುಂಡಿ ಸವರುವುದು, ಕನ್ನಡಕದ ಮೇಲಿನಿಂದ ನೋಡುವುದು, "ಐ ಟೋಲ್ಡ್ ದ ಸೆಕ್ರೆಟರಿ, ಸರ್, ವಿತ್ ಡ್ಯೂ ರೆಸ್ಪೆಕ್ಟ್." ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಲೀಲಾವತಿ.

"ಆಂಟಿ, ಇಮ್ಯಾಜಿನ್ ಮಾಡಿ, ಇವರ ವೈಫ್! ದಿನಾ ಇದನ್ನೇ ಕೇಳಬೇಕಲ್ಲ ಪಾಪ, ಬೇಚಾರಿ."

"ಇಮ್ಯಾಜಿನ್ ಮಾಡಕ್ಕೂ ಆಗಲ್ಲ ನನಗೆ" ಎಂದಳು ಲೀಲಾವತಿ ಕಣ್ಣೊರೆಸಿಕೊಳ್ಳುತ್ತ.

ಸೆಮಿಸ್ಟರಿನ ಕೊನೆಗೆ ಪ್ರತಿಯೊಬ್ಬರೂ ಒಂದು ಸರ್ಕಾರಿ ಯೋಜನೆಯನ್ನು ಪರಿಶೀಲಿಸಿ ತರಗತಿಯಲ್ಲಿ ಮಂಡಿಸಬೇಕಿತ್ತು. ಲೀಲಾವತಿ ಬೇರೆ ಯಾವುದನ್ನೂ ಯೋಚಿಸಲೇ ಇಲ್ಲ. ಒಂದು ಬೆಳಗ್ಗೆ ಅದಿತಿಯನ್ನು ಕರೆದುಕೊಂಡು, ಕ್ಯಾಬ್ ಮಾಡಿಕೊಂಡು, ದಾದ್ರಿಯಿಂದ ಆಚೆಗಿನ ಒಂದು ಹಳ್ಳಿಗೆ ಹೋದಳು. ಯೋಜನೆಯ ಮೊದಲ ಹಾಸ್ಟೆಲ್ ಕಟ್ಟಿದ್ದು ಅಲ್ಲಿ. ಅದರ ಉದ್ಘಾಟನೆಯಲ್ಲಿ ರಿಬ್ಬನ್ನಿನ ತುದಿ ಹಿಡಿದು ನಿಂತ ಗಂಡನ ಫೋಟೋವನ್ನು ಅವಳು ಎಷ್ಟೋ ವರ್ಷ ಒರೆಸಿ ಒರೆಸಿ ಇಟ್ಟಿದ್ದಳು.

ಹಾಸ್ಟೆಲ್ ಇತ್ತು. ವರಾಂಡದಲ್ಲಿ ಎಮ್ಮೆಗಳನ್ನು ಕಟ್ಟಿದ್ದರು. ಕೋಣೆಗಳಲ್ಲಿ ಮೇವಿನ ಹೊಟ್ಟು ತುಂಬಿದ್ದರು. ಗೋಡೆಯ ಮೇಲೆ ಪುಸ್ತಕ ಹಿಡಿದ ಹುಡುಗಿಯ ಚಿತ್ರವಿತ್ತು. ಅವಳ ಕುತ್ತಿಗೆಯವರೆಗೂ ಯಾರೋ ಬೆರಣಿ ತಟ್ಟಿದ್ದರು. ಅದಿತಿ ಎಮ್ಮೆಯ ಮುಂದೆ ನಿಂತು, ಗುಂಡಿ ಸವರಿಕೊಂಡು, "ವೆನ್ ಐ ವಾಸ್ ಇನ್ ದ ಮಿನಿಸ್ಟ್ರಿ" ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇಕಾದಷ್ಟು ಫೋಟೋ ತೆಗೆದುಕೊಂಡು, ಹೆದ್ದಾರಿಯಲ್ಲಿ ಛೋಲೆ ಕುಲ್ಚೆ ತಿಂದು, ಮಧ್ಯಾಹ್ನದ ಹೊತ್ತಿಗೆ ವಾಪಸಾದರು.

ಮಂಡನೆಯ ದಿನ ಲೀಲಾವತಿ ಹೆಚ್ಚು ಮಾತಾಡಲಿಲ್ಲ. ಒಂದೊಂದೇ ಫೋಟೋ ಗೋಡೆಯ ಮೇಲೆ ಮೂಡಿಸಿದಳು. ಮೊದಲು ಯೋಜನೆಯ ಆಡಂಬರದ ಒಂದು ವಾಕ್ಯ, ಹಿಂದೆಯೇ ಒಂದು ಎಮ್ಮೆ. ಮತ್ತೊಂದು ವಾಕ್ಯ, ಮತ್ತೊಂದು ಎಮ್ಮೆ. ತರಗತಿ ಶಿಳ್ಳೆ ಹೊಡೆಯಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ವೆಂಕಟಸುಬ್ಬಯ್ಯನವರ ಮುಖ ಮೊದಲು ಕೆಂಪಾಗಿ ಆಮೇಲೆ ಬಿಳಿಚಿಕೊಂಡಿತು. ಮದುವೆಯಾದ ಮೇಲೆ ಇಷ್ಟು ಸಂತೋಷ ಯಾವತ್ತಾದರೂ ಆಗಿತ್ತೇ ಎಂದು ಲೀಲಾವತಿಗೆ ನೆನಪಾಗಲಿಲ್ಲ.

ಚಪ್ಪಾಳೆ ನಿಂತ ಮೇಲೆ ಅವರು ಕೂತಲ್ಲಿಂದಲೇ ಕೇಳಿದರು. ಧ್ವನಿ ಸಣ್ಣದಾಗಿತ್ತು.

"ಊರಿನಲ್ಲಿ ಯಾರನ್ನ ಮಾತಾಡಿಸಿದಿರಿ?"

ಲೀಲಾವತಿ ಗೋಡೆಯ ಮೇಲಿದ್ದ ಕೊನೆಯ ಎಮ್ಮೆಯ ಕಡೆ ತಿರುಗಿದಳು.

"ಕಟ್ಟಡ ಕಟ್ಟಿದ ತಕ್ಷಣ ಎಮ್ಮೆ ಬರಲಿಲ್ಲ. ಹುಡುಗಿಯರು ಬಂದಿದ್ದರು, ಇದ್ದರು. ಅದು ನನಗೆ ಗೊತ್ತು. ಅವರು ಹೋದ ಮೇಲೆ ಎಮ್ಮೆ ಬಂತು. ಹುಡುಗಿಯರು ಯಾಕೆ ಹೋದರು?"

 ಅದನ್ನು ಕೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ನೀವು ತಂದಿರೋದು ಎಮ್ಮೆಗಳ ಫೋಟೋ. ಇದನ್ನ ಅಧ್ಯಯನ ಅನ್ನೋದಿಲ್ಲ. ಮುಂದಿನವರು ಬರಬಹುದು."

ಅವಳಿಗೆ ತರಗತಿಯಲ್ಲೇ ಅತಿ ಕಡಿಮೆ ಅಂಕ ಬಂತು. ಆ ರಾತ್ರಿ ವೆಂಕಟಸುಬ್ಬಯ್ಯ ಸಾರನ್ನು ಎರಡು ಸಲ ಹಾಕಿಸಿಕೊಂಡು ಸುರಿದುಕೊಂಡು ಉಂಡರು. ಮಂಡನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಲೀಲಾವತಿಗೆ ಸುಲಭವಾಗುತ್ತಿತ್ತು.

ಮರುದಿನ ಅದಿತಿ ಕ್ಯಾಂಟೀನಿನಲ್ಲಿ ಬಟ್ಟಲ ಸುತ್ತ ಬೆರಳಾಡಿಸುತ್ತ ಹೇಳಿದಳು. "ಆಂಟಿ, ಬುರಾ ಮತ್ ಮಾನ್ನಾ, ಬೇಜಾರ್ ಮಾಡ್ಕೋಬೇಡಿ. ಸರ್ ಕೇಳಿದ್ದು ಸಹೀ ಥಾ. ನಾವು ಬರೀ ಮಜಾಕ್ ಮಾಡಿ ಬಂದ್ವಿ."

ಲೀಲಾವತಿ ಅವಳೊಂದಿಗೆ ವಾರಗಟ್ಟಲೆ ಮಾತು ಬಿಟ್ಟಳು. ಗಂಡ ಟೊಳ್ಳು ಎಂಬುದು ಅವಳು ಇಡೀ ಸಂಸಾರದಲ್ಲಿ ಸಂಪಾದಿಸಿದ ಒಂದೇ ಒಂದು ಖಚಿತ ಜ್ಞಾನ. ಆ ಟೊಳ್ಳಿನೊಳಗಿಂದ, ಇಡೀ ಕಾಲೇಜಿನಲ್ಲಿ ಯಾರೂ ಕೇಳದ ಒಂದು ಸರಿಯಾದ ಪ್ರಶ್ನೆ ಬಂದುಬಿಟ್ಟಿತ್ತು. ಸ್ಲೈಡು ಓದುವ ಮೇಷ್ಟ್ರುಗಳನ್ನು ಅಷ್ಟು ಹೀಯಾಳಿಸಿದ ತಾನು, ಅವರಿಗಿಂತ ಬಣ್ಣದ ಸ್ಲೈಡು ಮಾಡಿದ್ದಳು, ಅಷ್ಟೇ. ಇದು ಒಳಗೆ ಹೋಗಿ ಇಳಿಯಲು ಬೇಸಿಗೆ ರಜೆ ಪೂರ್ತಿ ಹಿಡಿಯಿತು. ಎರಡನೇ ವರ್ಷದ ಪ್ರಬಂಧಕ್ಕೆ ವಿಷಯ ಕೊಡುವ ದಿನ ಅವಳು ಅದೇ ಹಾಸ್ಟೆಲಿನ ಹೆಸರನ್ನು ಕೊಟ್ಟಳು. ತನೇಜಾ ಹಲ್ಲು ಕಿರಿದು, "ಒಳ್ಳೇ ಎಕ್ಸ್‌ಪೋಷರ್" ಎಂದರು.

ಈ ಸಲ ಒಬ್ಬಳೇ ಹೋದಳು. ಹಾಸ್ಟೆಲಿನಲ್ಲಿ ಮೊದಲಿಗೆ ಹುಡುಗಿಯರನ್ನು ನೋಡಿಕೊಳ್ಳುತ್ತಿದ್ದವಳು ಬಿಮ್ಲೇಶ್ ಎಂಬ ಹೆಂಗಸೆಂದೂ, ಈಗ ಊರ ಬಾಗಿಲಲ್ಲೇ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆಂದೂ ಚಹಾದಂಗಡಿಯವನು ಹೇಳಿದ. ಪಾರ್ಲರಿನ ಪರದೆ ಸರಿಸಿ ಒಳಗೆ ಹೋದಾಗ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಹುಡುಗಿಯೊಬ್ಬಳ ಹುಬ್ಬಿಗೆ ದಾರ ಹಿಡಿದು ನಿಂತಿದ್ದಳು. ಲೀಲಾವತಿ ತಾನು ಬಂದ ಕಾರಣ ಹೇಳಿದಳು.

ಬಿಮ್ಲೇಶ್ ದಾರವನ್ನು ಹಲ್ಲಿನಿಂದ ತೆಗೆಯದೆಯೇ ಹಿಂದಿಯಲ್ಲಿ ಅಂದಳು. "ಹೋದ ಸಲ ಬಂದವರು ನೀವೇ ಅಲ್ಲವಾ? ಎಮ್ಮೆ ಜೊತೆ ಮಾತಾಡಿಕೊಂಡು ಹೋದವರು? ಊರೆಲ್ಲ ನಕ್ಕಿತು. ಕೂತಿರಿ. ಇವಳಿಗೆ ನಾಳೆ ಮದುವೆ, ನಿಮಗೇನೂ ಅವಸರವಿಲ್ಲವಲ್ಲ."

ಅವಳು ಬೇಕೆಂದೇ ತಡಮಾಡಿದಳು. ಹುಬ್ಬಾದ ಮೇಲೆ ಹುಡುಗಿಯ ಕೈಗೆ ವ್ಯಾಕ್ಸ್ ಹಚ್ಚಿದಳು, ಕೈಯಾದ ಮೇಲೆ ಫೇಶಿಯಲ್ ಶುರುಮಾಡಿದಳು. ಲೀಲಾವತಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತೇ ಇದ್ದಳು. ಬೇರೆ ದಿನವಾಗಿದ್ದರೆ ಎದ್ದುಬಿಡುತ್ತಿದ್ದಳು. ಹುಡುಗಿ ಮುಖಕ್ಕೆ ಲೇಪ ಹಚ್ಚಿಕೊಂಡು ಕಣ್ಣು ಮುಚ್ಚಿದ ಮೇಲೆ ಬಿಮ್ಲೇಶ್ ಕೈ ತೊಳೆದುಕೊಂಡು ಎದುರಿಗೆ ಬಂದು ಕೂತಳು.

"ಹುಡುಗಿಯರ ಜೊತೆ ರಾತ್ರಿ ಯಾರಾದರೂ ಹೆಂಗಸು ಇರಬೇಕು ಅಂದರು. ನನ್ನ ಗಂಡ ಸೂರತ್‌ಗೆ ಹೋದವನು ಬಂದಿರಲಿಲ್ಲ. ಸರಿ, ಹೋದೆ. ಅಡುಗೆ ನಾನು, ಕಸ ನಾನು, ಜ್ವರ ಬಂದರೆ ನಾನು. ಊರ ಪುಂಡರು ಗೇಟಿನ ಹತ್ತಿರ ಬಂದರೆ ದೊಣ್ಣೆ ಹಿಡಿದು ನಿಲ್ಲೋಳೂ ನಾನೇ. ಸಂಬಳ ಕೇಳಿದೆ. ಇದು ಸೇವೆ, ಸರ್ಕಾರಿ ಕಾಗದದಲ್ಲಿ ಹಾಗೇ ಇದೆ ಅಂದರು. ಜನವರಿ ಇಪ್ಪತ್ತಾರಕ್ಕೆ ಕರೆದು ಒಂದು ಸರ್ಟಿಫಿಕೇಟ್ ಕೊಟ್ಟರು."

"ಆಮೇಲೆ?"

"ಆಮೇಲೇನು? ನನ್ನ ಮಗನಿಗೆ ಟೈಫಾಯಿಡ್ ಬಂತು. ಸರ್ಟಿಫಿಕೇಟ್ ತಿನ್ನಿಸಲಾ ಅವನಿಗೆ? ಬಿಟ್ಟು ಬಂದೆ. ಬೇರೆ ಯಾವ ಹೆಂಗಸೂ ಬಿಟ್ಟಿಗೆ ಬರಲಿಲ್ಲ. ಹೆಂಗಸಿಲ್ಲದ ಮನೆಯಲ್ಲಿ ಹೆಣ್ಣುಮಕ್ಕಳನ್ನ ಯಾರು ಮಲಗಿಸ್ತಾರೆ? ಅಪ್ಪಂದಿರು ಬಂದು ಒಬ್ಬೊಬ್ಬಳನ್ನೇ ಕರೆದುಕೊಂಡು ಹೋದರು. ಪೂನಂ ಅಂತ ಒಬ್ಬಳಿದ್ದಳು, ಒಂಬತ್ತನೇ ಕ್ಲಾಸು. ಗೇಟಿನ ಸರಳು ಹಿಡಿದು ಬಿಡಲೇ ಇಲ್ಲ. ಅವರಪ್ಪ ಒಂದೊಂದೇ ಬೆರಳು ಬಿಡಿಸಬೇಕಾಯ್ತು." ಬಿಮ್ಲೇಶ್ ಎದ್ದು ಫ್ಯಾನಿನ ವೇಗ ಹೆಚ್ಚಿಸಿದಳು. "ಎಮ್ಮೆ ಕಾಯೋನಿಗೂ ಕೂಲಿ ಕೊಡ್ತಾರೆ ಮೇಡಂ. ಯಾವ ಕತ್ತೆ ಬರೆದದ್ದು ಆ ಕಾಗದ? ನಿಮಗೆ ಗೊತ್ತಿರಬೇಕಲ್ಲ, ಓದಿದವರು."

ಲೀಲಾವತಿ ಗೊತ್ತಿಲ್ಲ ಎನ್ನಬಹುದಾಗಿತ್ತು.

"ನನ್ನ ಗಂಡ" ಎಂದಳು.

ಲೇಪದೊಳಗಿನ ಹುಡುಗಿ ಒಂದು ಕಣ್ಣು ತೆರೆದಳು. ಬಿಮ್ಲೇಶ್ ಲೀಲಾವತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮಗಾದರೂ ಕೊಡ್ತಾನಾ ಸಂಬಳ?"



ಮರುದಿನ ಬೆಳಗ್ಗೆ ತಿಂಡಿಯ ಹೊತ್ತಿನಲ್ಲಿ ಗಂಡನನ್ನು ಕೇಳಿದಳು. "ಹಾಸ್ಟೆಲಿನಲ್ಲಿ ಹುಡುಗಿಯರ ಜೊತೆ ಇರೋ ಹೆಂಗಸಿಗೆ ಯಾಕೆ ರೀ ಸಂಬಳ ಇಟ್ಟಿರಲಿಲ್ಲ?"

ವೆಂಕಟಸುಬ್ಬಯ್ಯನವರ ಮುಖ ಅರಳಿತು. ಮದುವೆಯಾದಾಗಿನಿಂದ ಹೆಂಡತಿ ಅವರ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ದೋಸೆಯನ್ನು ತಟ್ಟೆಯಲ್ಲೇ ಬಿಟ್ಟು ಹೇಳಿದರು.

"ಒಳ್ಳೇ ಪ್ರಶ್ನೆ. ಅದೇ ದೊಡ್ಡ ತೊಡಕಾಗಿದ್ದು. ಹಣಕಾಸಿನವರು ವಾರ್ಡನ್ ಹುದ್ದೆಗೆ ಒಪ್ಪಲೇ ಇಲ್ಲ. ಇಡೀ ಯೋಜನೆ ನಿಂತುಹೋಗೋದರಲ್ಲಿತ್ತು. ಆಗ ನಾನೇ ಒಂದು ಉಪಾಯ ತೆಗೆದೆ. ಅಲ್ವೇ, ಹಳ್ಳಿ ಹೆಂಗಸರು ಹೇಗೂ ಮನೇಲಿ ಸುಮ್ಮನೆ ಕೂತಿರ್ತಾರೆ. ಯಾರಾದರೂ ಒಬ್ಬಳು ಬಂದು ಮಲಗಿದರಾಯಿತು. 'ಸ್ಥಳೀಯ ಮಹಿಳೆಯ ಗೌರವ ಸೇವೆ' ಅಂತ ಒಂದು ಸಾಲು ಸೇರಿಸಿದೆ. ಕಾರ್ಯದರ್ಶಿಗಳು ಬೆನ್ನು ತಟ್ಟಿ, ಬ್ರಿಲಿಯಂಟ್ ಸುಬ್ಬಯ್ಯ, ಅಂದರು."

ಹೇಳುತ್ತ ಹೇಳುತ್ತಲೇ ಅವರು ಚಟ್ನಿಗೆಂದು ತಟ್ಟೆಯನ್ನು ಸ್ವಲ್ಪ ಮುಂದೆ ತಳ್ಳಿದರು. ಅವಳ ಕಡೆ ನೋಡಲೂ ಇಲ್ಲ. ನೋಡಬೇಕಾಗಿಯೂ ಇರಲಿಲ್ಲ. ಲೀಲಾವತಿಯ ಕೈ ಆಗಲೇ ಚಮಚ ಹಿಡಿದು ಚಟ್ನಿ ಬಡಿಸುತ್ತಿತ್ತು. ಅವಳು ಆ ಕೈಯನ್ನು ಯಾರದೋ ಕೈ ನೋಡುವಂತೆ ನೋಡಿದಳು. ಗಂಡನನ್ನು ಅವಳು ತಿರಸ್ಕರಿಸುತ್ತ ಬಂದಿದ್ದಳು, ನಿಜ. ಆದರೆ ಈ ಕೈ ಒಂದು ದಿನವೂ ನಿಂತಿರಲಿಲ್ಲ. ಇಂಥ ತಿರಸ್ಕಾರದಿಂದ ಅವರಿಗೆ ಯಾವ ನಷ್ಟ? ಬಿಸಿ ದೋಸೆ ಸಮಯಕ್ಕೆ ಸರಿಯಾಗಿ ಬರುತ್ತಿತ್ತು.

"ಆ ಹೆಂಗಸು ಬಿಟ್ಟು ಹೋದಳು" ಎಂದಳು. "ಹುಡುಗಿಯರೂ ಹೋದರು. ನೀವು ಕೇಳಿದ ಪ್ರಶ್ನೆಗೆ ಉತ್ತರ ಇದು."

 "ಅನುಷ್ಠಾನ ರಾಜ್ಯಗಳದ್ದು" ಎಂದು ವೆಂಕಟಸುಬ್ಬಯ್ಯ ದೋಸೆ ಮುರಿದರು.

ಆಮೇಲಿನ ತಿಂಗಳುಗಳಲ್ಲಿ ಲೀಲಾವತಿ ಬರೆದಳು. ಅದಿತಿಯ ಹತ್ತಿರ ತಾನೇ ಹೋಗಿ ಮಾತಾಡಿದಳು. ಎಲ್ಲವನ್ನೂ ಹೇಳಿದಳು, ಸರ್ ಯಾರೆಂಬುದನ್ನೂ. ಅದಿತಿ ಕೆನ್ನೆ ಹಿಡಿದುಕೊಂಡು, "ಆಂಟಿ! ನಾನು ಅವರ ಮಿಮಿಕ್ರಿ ನಿಮ್ಮ ಮುಂದೆ... ಹೇ ಭಗವಾನ್" ಎಂದು ಕೂತುಬಿಟ್ಟಳು. ಇಬ್ಬರೂ ಸೇರಿ ಅದೇ ಯೋಜನೆಯ ಇನ್ನೂ ಕೆಲವು ಊರುಗಳಿಗೆ ಹೋದರು. ಎಲ್ಲ ಕಡೆಯೂ ಒಬ್ಬೊಬ್ಬ ಬಿಮ್ಲೇಶ್ ಇದ್ದಳು. ಮನೆಯಲ್ಲಿ ವೆಂಕಟಸುಬ್ಬಯ್ಯ ಅನ್ನ ಮಾಡುವುದನ್ನು ಕಲಿತರು. ಕಲಿತರು ಎನ್ನುವುದಕ್ಕಿಂತ ಕುಕ್ಕರಿನ ಮೇಲೆ ಸಿಟ್ಟು ತೀರಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡರು.

ಪ್ರಬಂಧದ ಮೌಖಿಕ ಪರೀಕ್ಷೆಗೆ ಬೇರೆ ವಿಶ್ವವಿದ್ಯಾಲಯದಿಂದ ಹಿರಿಯ ಪ್ರಾಧ್ಯಾಪಕಿಯೊಬ್ಬರು ಬಂದರು. ಮೇಜಿನ ಆ ಕಡೆ ಅವರು, ತನೇಜಾ ಮತ್ತು ವೆಂಕಟಸುಬ್ಬಯ್ಯ. ಹಿಂದೆ ವಿದ್ಯಾರ್ಥಿಗಳು. ಈ ಸಲ ಲೀಲಾವತಿ ಒಂದು ಫೋಟೋವನ್ನೂ ತೋರಿಸಲಿಲ್ಲ. ಬಿಮ್ಲೇಶ್ ಹೇಳಿದ್ದನ್ನು ಹೇಳಿದಳು, ಪೂನಂಳ ಬೆರಳುಗಳನ್ನು ಹೇಳಿದಳು.

ಪ್ರಾಧ್ಯಾಪಕಿ ಕೇಳಿದರು. "ಇಡೀ ಹಾಸ್ಟೆಲ್ ಒಬ್ಬ ಹೆಂಗಸಿನ ಮೇಲೆ ನಿಂತಿದೆ. ಅವಳಿಗೆ ಏನೂ ಕೊಡಬೇಕಾಗಿಲ್ಲ ಅಂತ ತೀರ್ಮಾನ ಮಾಡಿದ್ದು ಯಾರು?"

"ಒಬ್ಬ ಅಧಿಕಾರಿ."

"ಯಾವ ಆಧಾರದ ಮೇಲೆ?"

"ಹಳ್ಳಿಯ ಹೆಂಗಸರು ಮನೆಯಲ್ಲಿ ಸುಮ್ಮನೆ ಕೂತಿರುತ್ತಾರೆ ಅಂತ ಅವರು ತಿಳಿದುಕೊಂಡಿದ್ದರು."

ಪ್ರಾಧ್ಯಾಪಕಿ ತಲೆ ಹಿಂದಕ್ಕೆ ಎಸೆದು ನಕ್ಕರು. ತನೇಜಾ ನಕ್ಕರು. ಮೇಲಿನವರು ನಕ್ಕಾಗ ನಗುವುದು ವೆಂಕಟಸುಬ್ಬಯ್ಯನವರಿಗೆ ನೌಕರಿಯುದ್ದಕ್ಕೂ ಆದ ಅಭ್ಯಾಸ. ಅವರೂ ನಕ್ಕರು. ಏನಕ್ಕೆ ನಗುತ್ತಿದ್ದೇನೆಂಬುದು ಅರ್ಧ ನಗುವಿನಲ್ಲಿ ತಿಳಿಯಿತು. ಬಾಯಿ ತೆರೆದೇ ಉಳಿಯಿತು. ಹಿಂದಿನ ಸಾಲಿನಲ್ಲಿದ್ದ ಅದಿತಿ ಮಾತ್ರ ನಗದೆ ನೆಲ ನೋಡುತ್ತಿದ್ದಳು.

"ಆ ಮಹಾನುಭಾವರ ಹೆಸರು ಪ್ರಬಂಧದಲ್ಲಿದೆಯೇ?" ಎಂದು ಪ್ರಾಧ್ಯಾಪಕಿ ಕಣ್ಣೊರೆಸಿಕೊಂಡರು.

"ಇಲ್ಲ ಮೇಡಂ."

ಸಂಜೆ ಗಂಡ ಹೆಂಡತಿ ಒಂದೇ ಮೆಟ್ರೋದಲ್ಲಿ ಮನೆಗೆ ಹೊರಟರು. ಕಾಲೇಜಿನಿಂದ ಹಾಗೆ ಒಟ್ಟಿಗೆ ಹೊರಟದ್ದು ಅದೇ ಮೊದಲು. ಕಿಟಕಿಯಾಚೆ ಅರ್ಧ ಕಟ್ಟಿ ನಿಲ್ಲಿಸಿದ ಅಪಾರ್ಟ್‌ಮೆಂಟುಗಳು ಒಂದರ ಹಿಂದೊಂದು ಹಾದುಹೋಗುತ್ತಿದ್ದವು. ವೆಂಕಟಸುಬ್ಬಯ್ಯ ಹೇಳಿದರು.

"ನನ್ನ ಹೆಸರು ಹೇಳಲಿಲ್ಲ ನೀನು. ಹೇಳಬಹುದಾಗಿತ್ತು. ಥ್ಯಾಂಕ್ಸ್."

"ಥ್ಯಾಂಕ್ಸ್ ಬೇಡ. ಹೇಳಿದ್ರೆ ಎಲ್ಲ ನಿಮ್ಮೊಬ್ಬರ ತಪ್ಪು ಅಂತ ಮಿಕ್ಕವರು ಆರಾಮಾಗಿ ಮನೆಗೆ ಹೋಗ್ತಿದ್ರು. ನೀವು ಅಷ್ಟು ದೊಡ್ಡ ಮನುಷ್ಯರಲ್ಲ ರೀ."

ಅವರು ಕೋಟಿನ ಗುಂಡಿ ಸವರಲು ಕೈ ಎತ್ತಿದರು. ಸವರದೆ ಕೆಳಗಿಳಿಸಿದರು. ಅವರನ್ನು ನೋಡಿ ಲೀಲಾವತಿಗೆ ಅಯ್ಯೋ ಅನ್ನಿಸಬೇಕಾಗಿತ್ತು. ಅನ್ನಿಸಲಿಲ್ಲ. ಅನ್ನಿಸಿದಂತೆ ನಟಿಸಬೇಕೆಂದೂ ತೋರಲಿಲ್ಲ.

ಮುಂದಿನ ಸೆಮಿಸ್ಟರಿಗೆ ವೆಂಕಟಸುಬ್ಬಯ್ಯ ಪಾಠಕ್ಕೆ ಹೋಗಲಿಲ್ಲ. ವಿದ್ಯಾರ್ಥಿಗಳ ಮಟ್ಟ ತೀರಾ ಕುಸಿದಿದೆ ಎಂದು ವಾಕಿಂಗಿನ ಗೆಳೆಯರಿಗೆ ಹೇಳಿದರು. ಲೀಲಾವತಿ ಮೊದಲ ದರ್ಜೆಯಲ್ಲಿ ಪಾಸಾದಳು. ತನೇಜಾ ಎಕ್ಸ್‌ಪ್ರೆಸ್‌ವೇಯಲ್ಲಿ ಅವಳ ಫೋಟೋ ಹಾಕಿ ಒಂದು ದೊಡ್ಡ ಹೋರ್ಡಿಂಗ್ ನಿಲ್ಲಿಸಿದರು. 'ಕಲಿಕೆಗೆ ವಯಸ್ಸಿಲ್ಲ' ಎಂದು ಮೇಲೆ, 'ಶ್ರೀಮತಿ ಲೀಲಾವತಿ, ಗೃಹಿಣಿ' ಎಂದು ಕೆಳಗೆ. ತೆಗೆಸಿ ಎಂದು ಅವಳು ಫೋನ್ ಮಾಡಿದಾಗ, ಒಳ್ಳೇ ಎಕ್ಸ್‌ಪೋಷರ್ ಮೇಡಂ, ಎಂದರು.

ಪ್ರಬಂಧದ ಒಂದು ಪ್ರತಿಯನ್ನು ಬೈಂಡ್ ಮಾಡಿಸಿಕೊಂಡು ಅವಳು ಬಿಮ್ಲೇಶಳ ಪಾರ್ಲರಿಗೆ ಹೋದಳು. ಬಿಮ್ಲೇಶ್ ಕೈಯ ಕ್ರೀಮು ಒರೆಸಿಕೊಂಡು ನಾಲ್ಕು ಪುಟ ತಿರುವಿದಳು.

"ಪೂರಾ ಅಂಗ್ರೇಜಿ?"

"ಹೂಂ. ಕಾಲೇಜಿನಲ್ಲಿ ಅದೇ ನಿಯಮ."

"ಚೆನ್ನಾಗಿದೆ. ನನ್ನ ಬಗ್ಗೆ ಬರೆದಿದ್ದೀರಿ, ನನ್ನನ್ನ ಬಿಟ್ಟು ಎಲ್ಲರೂ ಓದಬಹುದು." ಪುಸ್ತಕವನ್ನು ಬ್ಲೀಚ್ ಡಬ್ಬಿಗಳ ಪಕ್ಕ ಎಸೆದಂತೆ ಇಟ್ಟಳು. "ತೊಗೊಂಡು ಹೋಗಿ. ಹಿಂದಿಯಲ್ಲಿ ಮಾಡಿಕೊಂಡು ಬನ್ನಿ, ಆಗ ನೋಡೋಣ."

ಲೀಲಾವತಿಗೆ ಕೆನ್ನೆ ಬಿಸಿಯಾಯಿತು. ಆದರೂ ಅವಳು ಏಳಲಿಲ್ಲ. ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮೈಸೂರಿನ ಎಳೆ ಇನ್ನೂ ಬಿಡದ ತನ್ನ ಒರಟು ಹಿಂದಿಯಲ್ಲಿ, ಮೊದಲ ಪುಟದಿಂದ ಅರ್ಥ ಹೇಳತೊಡಗಿದಳು. ಬಿಮ್ಲೇಶ್ ಅವಳ ವ್ಯಾಕರಣಕ್ಕೆ ನಕ್ಕಳು, ಒಂದೆರಡು ಕಡೆ ಸುಳ್ಳು ಎಂದು ತಡೆದಳು, ಗಿರಾಕಿ ಬಂದಾಗ ನಿಲ್ಲಿಸಿ ಎಂದು ಗದರಿದಳು. ಗಿರಾಕಿ ಹೋದ ಮೇಲೆ, "ಹಾಂ, ಮುಂದೆ?" ಎಂದಳು.